ಎರೆಮಣ್ಣು, ಕಾಕಾನ ಕಾಲು ಮತ್ತು ಟೈಟಾನಿಯಂ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸು, ಊರಲ್ಲಿ ಆಸ್ಪತ್ರೆ, ಎರಡರ ನಡುವೆ ರಾತ್ರಿ ಬಸ್ಸು. ಹೀಗಾಗಿ ಬ್ಲಾಗಿನ ಕಡೆ ತಲೆ ಹಾಕೋಕೂ ಆಗಿರಲಿಲ್ಲ. ಇವತ್ತು ಬರೆಯೋಕೆ ಕೂತ ವಿಷಯವೂ ಆ ಆಸ್ಪತ್ರೆಯಲ್ಲೇ ಹುಟ್ಟಿದ್ದು.

ಹೋದ ವರ್ಷದ ಕಬ್ಬಿನ ಹಂಗಾಮು. ರಾಯಬಾಗ ತಾಲೂಕಿನ ನಮ್ಮೂರಲ್ಲಿ ಕಬ್ಬು ತುಂಬಿದ ಟ್ರೇಲರ್ ಒಂದು ಹೊಲದ ದಾರಿಯಲ್ಲಿ ಹೂತುಕೊಂಡಿತ್ತು. ಹಿಂದಿನಿಂದ ತಳ್ಳೋಕೆ ಹೋದ ನಮ್ಮ ಕಾಕಾನ ಬಲಗಾಲು ಗಾಲಿಗೆ ಸಿಕ್ಕು ಮೊಣಕಾಲ ಕೆಳಗಿನ ದೊಡ್ಡ ಎಲುಬು ಎರಡು ತುಂಡಾಯ್ತು. ನಮ್ಮ ಕಡೆ ಇಂಥದ್ದು ಆದರೆ ಯಾರೂ ಎಲ್ಲಿಗೆ ಅಂತ ಕೇಳೋದಿಲ್ಲ. "ಮಿರಜಿಗೆ ಒಯ್ರಿ" ಅಂತಾರೆ ಅಷ್ಟೇ. ಕುಡಚಿ, ಉಗಾರ, ಕಾಗವಾಡ ದಾಟಿ, ಗಡಿ ದಾಟಿ, ಮ್ಹೈಸಾಳದ ಮೇಲೆ ಹಾದು ಮಿರಜ. ಒಯ್ದರು. ಮರುದಿನ ಬೆಳಿಗ್ಗೆ ನಾನು ಬೆಂಗಳೂರಲ್ಲಿ ಮೀಟಿಂಗಿನಲ್ಲಿದ್ದಾಗ ಕಾಕು ಫೋನ್ ಮಾಡಿದಳು.

"ಏ ತಮ್ಮಾ, ಡಾಕ್ಟರು ರಾಡು ಸ್ಟೀಲಿಂದ ಹಾಕ್ಲೋ ಟೈಟಾನಿಯಮ್ಮಿಂದ ಹಾಕ್ಲೋ ಅಂತ ಕೇಳಾಕತ್ತಾರ. ನೀ ಇಂಜಿನಿಯರ್ ಅದೀಯಲ್ಲ, ಲಗೂನ ಹೇಳು. ಮಧ್ಯಾಹ್ನ ಆಪರೇಶನ್ ಐತಿ."

ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಲೋಹಗಳ ಬಗ್ಗೆ ನನ್ನ ತಿಳುವಳಿಕೆ ಅಂದರೆ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡು ಉಜ್ಜಿ ಬೊಬ್ಬೆ ಬರಿಸಿಕೊಂಡಿದ್ದು. :-) ಆದರೂ ಇಂಜಿನಿಯರ್ ಅಂದಮೇಲೆ ಮುಗೀತು, ಮನೆಯಲ್ಲಿ ಮಿಕ್ಸರ್ ಕೆಟ್ಟರೂ ನಾವೇ, ಎಲುಬು ಮುರಿದರೂ ನಾವೇ. ಕಾಕು ಫೋನನ್ನ ಕಾಕಾನ ಕೈಗೆ ಕೊಟ್ಟಳು. ಅವನದು ಒಂದೇ ಪ್ರಶ್ನೆ. "ಅದು ಮೈಯಾಗ ತುಕ್ಕ ಹಿಡಿಯಂಗಿಲ್ಲೇನು? ಯಾಕಂದ್ರ ನಾಲ್ಕು ಟನ್ ಕಬ್ಬಿನ ರೊಕ್ಕ ಹೆಚ್ಚಾಕ್ಕೈತಿ."

ಡಾಕ್ಟರ ಜೊತೆ ಎರಡು ನಿಮಿಷ ಮಾತಾಡಿದೆ. ಪುಣ್ಯಾತ್ಮರು, ನೇರವಾಗಿ ಹೇಳಿದರು. ಎಲುಬು ಎರಡರಲ್ಲೂ ಕೂಡುತ್ತೆ, ಟೈಟಾನಿಯಂ ಹಗುರ, ಎಲುಬಿಗೆ ಹೆಚ್ಚು ಹೊಂದುತ್ತೆ, ಮುಂದೆ ಎಂಆರ್‌ಐ ಬೇಕಾದರೆ ಚಿತ್ರ ಚೆನ್ನಾಗಿ ಬರುತ್ತೆ, ನಿಮ್ಮ ಅನುಕೂಲ ನೋಡಿ ಹೇಳಿ ಅಂದರು. ನಾನು ಟೈಟಾನಿಯಂ ಅಂದೆ. ಯಾಕೆ ಅಂದೆ ಅಂತ ಆ ಕ್ಷಣಕ್ಕೆ ನನಗೇ ಗೊತ್ತಿರಲಿಲ್ಲ. ಆಮೇಲೆ ಅದೊಂದು ಕೊರಗಾಗಿ ಉಳೀತು, ಓದೋಕೆ ಶುರು ಮಾಡಿದೆ. ಓದಿದ್ದರಲ್ಲಿ ನನಗೆ ಭಾರಿ ಆಶ್ಚರ್ಯ ಆಗಿದ್ದು ಆಸ್ಪತ್ರೆಯ ಸಂಗತಿ ಅಲ್ಲ. ಕಾಕಾನ ಹೊಲದ ಸಂಗತಿ.

ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ನಾವು ಕೃಷ್ಣಾ ನದಿಯ ಮಳಲಿನಲ್ಲಿ ಒಂದು ಆಟ ಆಡ್ತಿದ್ವಿ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಲೋಹಚುಂಬಕ ಕಿತ್ತು, ದಾರ ಕಟ್ಟಿ, ಮಳಲಿನಲ್ಲಿ ಎಳೆದಾಡೋದು. ಅದಕ್ಕೆ ಕರೀ ಪುಡಿ ಮೀಸೆಯ ಹಾಗೆ ಅಂಟಿಕೊಳ್ತಿತ್ತು. ಕಬ್ಬಿಣದ ಪುಡಿ ಅಂತ ನಮ್ಮ ನಂಬಿಕೆ. ಅದು ಬರೀ ಕಬ್ಬಿಣ ಅಲ್ಲವಂತೆ. ಕಬ್ಬಿಣ, ಟೈಟಾನಿಯಂ ಮತ್ತು ಆಮ್ಲಜನಕ ಸೇರಿದ ಖನಿಜ, ಟೈಟಾನಿಯಂಯುಕ್ತ ಮ್ಯಾಗ್ನೆಟೈಟ್.

ಅದು ಬಂದದ್ದು ಎಲ್ಲಿಂದ ಅಂದರೆ ನಮ್ಮ ಕಾಲ ಕೆಳಗಿನ ಕಲ್ಲಿನಿಂದ. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಎಲ್ಲ ನಿಂತಿರೋದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದ ಮೇಲೆ, ಅಂದರೆ ದಖ್ಖನ್ನಿನ ಕಪ್ಪು ಬಸಾಲ್ಟಿನ ದಕ್ಷಿಣದ ಅಂಚಿನಲ್ಲಿ. ಈ ಬಸಾಲ್ಟಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಹೆಚ್ಚುಕಡಿಮೆ ನೂರಕ್ಕೆ 1ರಿಂದ 4 ಪಾಲು ಇರುತ್ತದೆ. ಲಾವಾ ಒಂದೇ ಸಲ ಹರಿದದ್ದಲ್ಲ, ಪದರ ಪದರವಾಗಿ. ಯಾವ ಪದರ ಯಾವುದು ಅಂತ ಭೂವಿಜ್ಞಾನಿಗಳು ಗುರುತು ಹಿಡಿಯೋಕೆ ಬಳಸುವ ಸುಳಿವುಗಳಲ್ಲಿ ಅದರಲ್ಲಿ ಎಷ್ಟು ಟೈಟಾನಿಯಂ ಇದೆ ಅನ್ನೋದೂ ಒಂದು. ಆ ಪದರಗಳಿಗೆ ಮಹಾಬಳೇಶ್ವರ, ಪನ್ಹಾಳ ಅಂತೆಲ್ಲ ಊರ ಹೆಸರು ಇಟ್ಟಿದ್ದಾರೆ. ಮೇಲಿನ ಒಂದು ಪದರಕ್ಕೆ ಬೆಳಗಾವಿ ಪಕ್ಕದ ದೇಸೂರಿನ ಹೆಸರು! ಖಾನಾಪುರದ ಕಡೆ ರೈಲಿನಲ್ಲಿ ಹೋಗುವಾಗ ಬರುವ ಸಣ್ಣ ಊರು ಅದು. ಅದರ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ, ಬೆಳಗಾವಿ ಜಿಲ್ಲೆಯವನಾದ ನನಗೆ ಗೊತ್ತಿರಲಿಲ್ಲ.

ಆ ಕಲ್ಲು ಕರಗಿ ಸವೆದು ಆದದ್ದೇ ನಮ್ಮ ಎರೆಮಣ್ಣು. ಎರೆಮಣ್ಣು ಕಪ್ಪಗೆ ಯಾಕಿದೆ ಅನ್ನೋದಕ್ಕೆ ಕೊಡುವ ಕಾರಣಗಳಲ್ಲಿ ಈ ಟೈಟಾನಿಯಂಯುಕ್ತ ಮ್ಯಾಗ್ನೆಟೈಟ್ ಕೂಡ ಒಂದು. ಇದನ್ನ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ, ಲೆಕ್ಕ ಹಾಕಿದೆ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಅಡಿ ಆಳದ ಮಣ್ಣು ಸುಮಾರು 1,230 ಘನ ಮೀಟರ್, ತೂಕ ಸುಮಾರು 1,600 ಟನ್. ಅದರಲ್ಲಿ ನೂರಕ್ಕೆ 2 ಪಾಲು ಟೈಟಾನಿಯಂ ಡೈಆಕ್ಸೈಡ್ ಅಂತ ಹಿಡಿದರೂ 32 ಟನ್. ಅದರ ತೂಕದಲ್ಲಿ ನೂರಕ್ಕೆ 60 ಪಾಲು ಲೋಹ. ಅಂದರೆ ಕಾಕಾನ ಒಂದೊಂದು ಎಕರೆಯ ಮೇಲ್ಮಣ್ಣಿನಲ್ಲಿ 19 ಟನ್ ಟೈಟಾನಿಯಂ! ನಾಲ್ಕು ಟನ್ ಕಬ್ಬಿನ ರೊಕ್ಕ ಕೊಟ್ಟು ಅವನು ಕೊಂಡದ್ದು ಕೆಲವು ನೂರು ಗ್ರಾಂ. ಇದನ್ನ ಅವನಿಗೆ ಹೇಳಿದಾಗ ನಗಲಿಲ್ಲ. "ಹಂಗಾರ ನಾವ ಯಾಕ ತಗೀಬಾರ್ದು?" ಅಂದ.

ಒಳ್ಳೆ ಪ್ರಶ್ನೆ. ಟೈಟಾನಿಯಮ್ಮಿನ ಚರಿತ್ರೆ ಪೂರ್ತಿ ಈ ಪ್ರಶ್ನೆಯ ಉತ್ತರವೇ.

ಭೂಮಿಯ ಹೊರಪದರದಲ್ಲಿ ಹೇರಳವಾಗಿ ಇರುವ ಮೂಲವಸ್ತುಗಳಲ್ಲಿ ಟೈಟಾನಿಯಂ ಒಂಬತ್ತನೆಯದು. ತಾಮ್ರ, ಸತು, ಸೀಸ ಇವೆಲ್ಲ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ತಾಮ್ರ ನಮ್ಮ ಪೂರ್ವಜರ ಕೈಗೆ ಸಾವಿರಾರು ವರ್ಷಗಳ ಹಿಂದೆಯೇ ಸಿಕ್ಕಿತು, ಟೈಟಾನಿಯಂ ಸಿಗೋಕೆ 20ನೇ ಶತಮಾನ ಬರಬೇಕಾಯ್ತು. ಶುರುವಾದದ್ದು ನಮ್ಮ ಆಟದ ಹಾಗೆಯೇ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹಳ್ಳವೊಂದರ ಕರೀ ಮಳಲನ್ನ ಪರೀಕ್ಷೆ ಮಾಡಿ, ಲೋಹಚುಂಬಕಕ್ಕೆ ಎಳೆಯುವ ಆ ಪುಡಿಯಲ್ಲಿ ಕಬ್ಬಿಣದ ಜೊತೆಗೆ ಹೊಸದೇನೋ ಇದೆ ಅಂದ. ನಾಲ್ಕು ವರ್ಷ ಬಿಟ್ಟು ಬರ್ಲಿನ್ನಿನ ಕ್ಲಾಪ್ರೋತ್ ಬೇರೊಂದು ಖನಿಜದಲ್ಲಿ ಅದನ್ನೇ ಕಂಡು, ಗ್ರೀಕ್ ಪುರಾಣದ ಟೈಟನ್ನರ ಹೆಸರಿಟ್ಟ. ಹೆಸರು ಬಂತು, ಲೋಹ ಬರಲಿಲ್ಲ. ಯಾಕಂದರೆ ಟೈಟಾನಿಯಮ್ಮಿಗೂ ಆಮ್ಲಜನಕಕ್ಕೂ ಇರೋ ನಂಟು ಅಂಥದ್ದು. ಕಬ್ಬಿಣದ ಹಾಗೆ ಇದ್ದಿಲು ಹಾಕಿ ಊದಿದರೆ ಬಿಡೋದಿಲ್ಲ. ಕಾಯಿಸಿದರೆ ಗಾಳಿಯ ಸಾರಜನಕವನ್ನೂ ಎಳೆದುಕೊಂಡು ಗಾಜಿನ ಹಾಗೆ ಪೆಡಸಾಗುತ್ತೆ. 1910ರಲ್ಲಿ ಅಮೆರಿಕದ ಮ್ಯಾಥ್ಯೂ ಹಂಟರ್ ಉಕ್ಕಿನ ಗಟ್ಟಿ ಪಾತ್ರೆಯಲ್ಲಿ ಸೋಡಿಯಂ ಹಾಕಿ ಕಾಯಿಸಿ ಮೊದಲ ಸಲ ಶುದ್ಧ ಲೋಹ ತೆಗೆದ.

ಕಾರ್ಖಾನೆಯ ದಾರಿ ತೋರಿಸಿದ್ದು ಲಕ್ಸಂಬರ್ಗಿನ ವಿಲಿಯಂ ಕ್ರೋಲ್. ಮನೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಮನುಷ್ಯ. 1930ರ ದಶಕದಲ್ಲಿ ಅವನು ಕಂಡುಕೊಂಡ ದಾರಿ ಇಂದಿಗೂ ಅದೇ. ಅದಿರಿಗೆ ಕೋಕ್ ಬೆರೆಸಿ, ಕಾಯಿಸಿ, ಕ್ಲೋರಿನ್ ಹಾಯಿಸಬೇಕು. ಆಗ ಟೈಟಾನಿಯಂ ಟೆಟ್ರಾಕ್ಲೋರೈಡ್ ಬರುತ್ತೆ, ಅದು ಸಾಮಾನ್ಯ ಉಷ್ಣತೆಯಲ್ಲಿ ನೀರಿನಂಥ ದ್ರವ. ಸಾರಾಯಿ ಭಟ್ಟಿ ಇಳಿಸಿದ ಹಾಗೆ ಅದನ್ನ ಭಟ್ಟಿ ಇಳಿಸಿ ಶುದ್ಧ ಮಾಡಿ, ಗಾಳಿ ಸುಳಿಯದ ಪಾತ್ರೆಯಲ್ಲಿ ಆರ್ಗಾನ್ ತುಂಬಿ, ಕರಗಿದ ಮೆಗ್ನೀಸಿಯಂ ಮೇಲೆ ಬಿಡಬೇಕು. ಮೆಗ್ನೀಸಿಯಂ ಕ್ಲೋರಿನ್ನನ್ನ ಕಿತ್ತುಕೊಳ್ಳುತ್ತೆ, ರಂಧ್ರ ರಂಧ್ರವಾದ ಟೈಟಾನಿಯಂ ಉಳಿಯುತ್ತೆ. ಅದಕ್ಕೇ ಅದನ್ನ ಸ್ಪಂಜು ಅನ್ನೋದು. ಒಂದು ಟನ್ ಸ್ಪಂಜಿಗೆ ಲೆಕ್ಕದ ಪ್ರಕಾರವೇ ನಾಲ್ಕು ಟನ್ ಆ ದ್ರವ, ಒಂದು ಟನ್ ಮೆಗ್ನೀಸಿಯಂ ಬೇಕು. ಒಂದು ಪಾತ್ರೆ ಕಾಯಿಸಿ, ಆರಿಸಿ, ಬಿಚ್ಚೋಕೆ ದಿನಗಟ್ಟಲೆ. ಆಮೇಲೆ ಅದನ್ನ ನಿರ್ವಾತದಲ್ಲಿ ಕರಗಿಸಿ ಗಟ್ಟಿ ಮಾಡಬೇಕು. ಉಗಾರದ ಫ್ಯಾಕ್ಟರಿಯಲ್ಲಿ ಒಂದು ಕಡೆ ಕಬ್ಬು ಹಾಕಿದರೆ ಇನ್ನೊಂದು ಕಡೆ ಸಕ್ಕರೆ ಸುರೀತಾನೇ ಇರುತ್ತಲ್ಲ, ಹಾಗಲ್ಲ ಇದು. ಕಾಕಾನ ಹೊಲದಲ್ಲಿ 19 ಟನ್ ಇದ್ದೂ ಇಲ್ಲದಂತೆ ಯಾಕೆ ಅನ್ನೋದಕ್ಕೆ ಇದೇ ಉತ್ತರ. ನೂರರಲ್ಲಿ ಎರಡು ಪಾಲು ಆರಿಸೋಕೇ ದುಡ್ಡು ಮುಗಿಯುತ್ತೆ.

ಆರಿಸುವ ಕೆಲಸವನ್ನ ಪ್ರಕೃತಿಯೇ ಮಾಡಿಕೊಟ್ಟ ಜಾಗಗಳೂ ಇವೆ. ಸಹ್ಯಾದ್ರಿಯ ಆಚೆ ಮಗ್ಗುಲಲ್ಲಿ ಇದೇ ಬಸಾಲ್ಟನ್ನ ಮಳೆ ಸವೆಸಿ, ಸಮುದ್ರದ ತೆರೆ ಜಾಲಾಡಿಸಿ, ರತ್ನಾಗಿರಿಯ ದಂಡೆಯಲ್ಲಿ ಇಲ್ಮನೈಟ್ ಎಂಬ ಕರೀ ಮಳಲನ್ನ ಕೂಡಿಸಿಟ್ಟಿದೆ. ಅದಕ್ಕಿಂತ ದೊಡ್ಡ ಕಥೆ ಕೇರಳದ ಚವರಾದ್ದು (ಅಲ್ಲಿಯ ಮಳಲು ಬಸಾಲ್ಟಿನದ್ದಲ್ಲ, ಬೇರೆ ಹಳೆಯ ಕಲ್ಲುಗಳದ್ದು). 1909ರಲ್ಲಿ ಜರ್ಮನಿಯ ಶೋಂಬರ್ಗ್ ಎಂಬ ರಸಾಯನಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮಳಲಿನಲ್ಲಿ ಮೊನಜೈಟ್ ಕಂಡ. ಗ್ಯಾಸ್ ದೀಪದ ಮ್ಯಾಂಟಲ್ಲಿಗೆ ಬೇಕಾದ ಥೋರಿಯಂ ಅದರಲ್ಲಿತ್ತು. ಎಲ್ಲರೂ ಮೊನಜೈಟಿಗೆ ಮುಗಿಬಿದ್ದರು, ಇಲ್ಮನೈಟ್ ಬೇಡದ ಕಸ. 1922ರಿಂದ ಆ ಕಸವೇ ಹಡಗು ಹತ್ತಿತು. ಯಾಕಂದರೆ ಅಷ್ಟು ಹೊತ್ತಿಗೆ ಅದರಿಂದ ಬಿಳೀ ಬಣ್ಣ ಮಾಡೋದನ್ನ ಕಲಿತಿದ್ದರು.

ಹೌದು, ಬಿಳೀ ಬಣ್ಣ. ಇವತ್ತಿಗೂ ತೆಗೆದ ಟೈಟಾನಿಯಂ ಅದಿರಿನಲ್ಲಿ ಬಹುಪಾಲು ಲೋಹ ಆಗೋದೇ ಇಲ್ಲ, ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳೀ ಪುಡಿಯಾಗಿ ಪೇಂಟು, ಪ್ಲಾಸ್ಟಿಕ್ಕು, ಕಾಗದಕ್ಕೆ ಹೋಗುತ್ತೆ. ತಿರುವನಂತಪುರದ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ 1946ರಲ್ಲಿ ಹುಟ್ಟಿದ್ದೇ ಇದಕ್ಕಾಗಿ. ತಿಂಡಿಗೂ ಹಾಕ್ತಿದ್ದರು, ಯುರೋಪಿನಲ್ಲಿ 2022ರಲ್ಲಿ ಅದನ್ನ ನಿಷೇಧಿಸಿದರು. ಕರೀ ಮಣ್ಣಿನ ಕಪ್ಪಿಗೆ ಒಂದು ಕಾರಣವಾದ ವಸ್ತುವೇ ನಮ್ಮ ಮನೆ ಗೋಡೆಯ ಬಿಳುಪಿಗೂ ಕಾರಣ. ಲೋಹದ ಸ್ಪಂಜನ್ನ ನಾವೇ ಮಾಡಿಕೊಳ್ಳೋಕೆ ಮಾತ್ರ ತಡವಾಯ್ತು. ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯದ ತಂತ್ರಜ್ಞಾನ, ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ದುಡ್ಡು ಸೇರಿ ಚವರಾದ ಕೆಎಂಎಂಎಲ್‌ನಲ್ಲಿ ವರ್ಷಕ್ಕೆ 500 ಟನ್ನಿನ ಸ್ಪಂಜು ಘಟಕ ಶುರುವಾದದ್ದು 2011ರಲ್ಲಿ.

ನಮ್ಮ ಜಿಲ್ಲೆಗೂ ಇದರಲ್ಲಿ ಒಂದು ಕೊಂಡಿ ಇದೆ. ಬೆಳಗಾವಿಯಲ್ಲಿ ಇಂಡಾಲ್ ಕಟ್ಟಿದ, ಈಗ ಹಿಂಡಾಲ್ಕೋದ್ದಾಗಿರುವ ಅಲ್ಯುಮಿನಾ ಕಾರ್ಖಾನೆ ಗೊತ್ತಲ್ಲ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಅದರಲ್ಲಿದ್ದ ಟೈಟಾನಿಯಂ ಹೊರಗೆ ಬರೋದಿಲ್ಲ, ಉಳಿದ ಕೆಂಪು ಕೆಸರಿನಲ್ಲೇ ಸೇರಿಹೋಗುತ್ತೆ. ಆ ಕೆಸರಿನಿಂದ ಅದನ್ನ ಅಗ್ಗವಾಗಿ ತೆಗೆಯೋ ದಾರಿಗಾಗಿ ಜಗತ್ತಿನ ಎಲ್ಲ ಕಡೆ ಹುಡುಕಾಟ ನಡೆದೇ ಇದೆ.

ಇಷ್ಟು ಕಷ್ಟಪಟ್ಟು ತೆಗೆಯೋದು ಯಾಕೆ? ಒಂದು, ತೂಕ. ಒಂದು ಘನ ಸೆಂಟಿಮೀಟರ್ ಸ್ಟೀಲು ಸುಮಾರು 8 ಗ್ರಾಂ, ಟೈಟಾನಿಯಂ ನಾಲ್ಕೂವರೆ ಗ್ರಾಂ. ಅಲ್ಯುಮಿನಿಯಂ 2.7, ಆದರೆ ಅದು ಬಿಸಿಗೆ ಬೇಗ ಸೋಲುತ್ತೆ. 1954ರಲ್ಲಿ ಟೈಟಾನಿಯಮ್ಮಿಗೆ ನೂರಕ್ಕೆ ಆರು ಪಾಲು ಅಲ್ಯುಮಿನಿಯಂ, ನಾಲ್ಕು ಪಾಲು ವೆನೇಡಿಯಂ ಸೇರಿಸಿ ಮಾಡಿದ ಮಿಶ್ರಲೋಹ ಗಟ್ಟಿತನದಲ್ಲಿ ಒಳ್ಳೊಳ್ಳೆ ಉಕ್ಕಿಗೆ ಸಮ. ವಿಮಾನದವರಿಗೆ ಇನ್ನೇನು ಬೇಕು? ಅಮೆರಿಕದವರು 1960ರ ದಶಕದಲ್ಲಿ ಎಸ್ಆರ್-71 ಬೇಹುಗಾರಿಕೆ ವಿಮಾನವನ್ನ ಹೆಚ್ಚೂಕಡಿಮೆ ಪೂರ್ತಿ ಟೈಟಾನಿಯಮ್ಮಿನಲ್ಲೇ ಕಟ್ಟಿದರು, ಅದಕ್ಕೆ ಲೋಹ ಬಂದದ್ದು ಬೇರೆ ಬೇರೆ ಹೆಸರಿನ ಕಂಪನಿಗಳ ಮೂಲಕ ಸೋವಿಯತ್ ದೇಶದಿಂದಲೇ! ಬೇಹು ಯಾರ ಮೇಲೆ ಅಂತ ಬೇರೆ ಹೇಳಬೇಕಿಲ್ಲ. ಆ ಕಾರ್ಖಾನೆಯಲ್ಲಿ ಬೇಸಿಗೆಯಲ್ಲಿ ಬೆಸೆದ ಭಾಗಗಳು ಬೇಗ ಹಾಳಾಗ್ತಿದ್ದವು, ಚಳಿಗಾಲದಲ್ಲಿ ಬೆಸೆದವು ಬಾಳ್ತಿದ್ದವು. ಹುಡುಕಿದರೆ ಕಾರಣ ಊರಿನ ನಲ್ಲಿ ನೀರು. ಬೇಸಿಗೆಯಲ್ಲಿ ಪಾಚಿ ಕಟ್ಟಬಾರದು ಅಂತ ಅದಕ್ಕೆ ಕ್ಲೋರಿನ್ ಹೆಚ್ಚು ಹಾಕ್ತಿದ್ದರು, ಭಾಗಗಳನ್ನ ತೊಳೆದಿದ್ದು ಅದೇ ನೀರಿನಲ್ಲಿ. ಪ್ರೊಡಕ್ಷನ್ನಿನಲ್ಲಿ ಮಾತ್ರ ಬರುವ ಬಗ್ ಹಿಡಿಯೋಕೆ ರಾತ್ರಿಯೆಲ್ಲ ಲಾಗ್ ನೋಡುವ ನಮ್ಮಂಥವರಿಗೆ ಈ ಕಥೆ ಬಹಳ ಹಿಡಿಸುತ್ತೆ. :-)

ವಿಮಾನ ಅಂದರೆ ನಮಗೆ ದೂರದ್ದು ಅಂದುಕೊಂಡಿದ್ದೆ. ನಿಪ್ಪಾಣಿಯಿಂದ ಬೆಳಗಾವಿ ಕಡೆ ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿದರೆ ಹತ್ತರಗಿ ಸಿಗುತ್ತೆ, ಹುಕ್ಕೇರಿ ತಾಲೂಕು. ಅಲ್ಲಿ ಅರವಿಂದ ಮೆಳ್ಳಿಗೇರಿಯವರ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಇದೆ. ಮೊದಲು ಕ್ವೆಸ್ಟ್ ಅನ್ನೋ ಹೆಸರಿತ್ತು. ಏರ್‌ಬಸ್ಸಿನಂಥ ವಿಮಾನಗಳಿಗೆ ಬಿಡಿಭಾಗ ಕೊರೆದು ಕೊಡ್ತಾರೆ, ಫ್ರಾನ್ಸಿನ ಓಬೇರ್ ಎ ದ್ಯುವಾಲ್ ಜೊತೆ ಸೇರಿ ಅಲ್ಲೇ ಫೋರ್ಜಿಂಗ್ ಘಟಕವನ್ನೂ ಕಟ್ಟಿದರು. ಸುತ್ತ ಕಬ್ಬು, ಗೊಂಜಾಳ, ನಡುವೆ ವಿಮಾನದ ಲೋಹ.

ನನ್ನ ಜೊತೆ ಪಿಯುಸಿ ಓದಿ ಡಿಪ್ಲೊಮಾ ಮಾಡಿದ ಗೆಳೆಯನೊಬ್ಬ ಮಶೀನ್ ಶಾಪಿನಲ್ಲಿದ್ದಾನೆ. ಟೈಟಾನಿಯಂ ಕೊರೆಯೋದು ಹೇಗಿರುತ್ತೋ ಅಂತ ಕೇಳಿದೆ. "ಅಲ್ಯುಮಿನಿಯಮ್ ಅಂದ್ರ ಬೆಣ್ಣಿ. ಟೈಟಾನಿಯಮ್ ಅಂದ್ರ ಒಣಾ ಬೆಲ್ಲ, ಟೂಲಿಗೆ ಅಂಟ್ಕೊಂತೈತಿ" ಅಂದ. ಅವನ ಮಾತಿನ ಹಿಂದೆ ಇರೋದು ಇಷ್ಟು. ಟೈಟಾನಿಯಮ್ಮಿನಲ್ಲಿ ಬಿಸಿ ಹರಿಯೋದು ಬಹಳ ನಿಧಾನ. ಕೊರೆಯುವಾಗ ಹುಟ್ಟುವ ಬಿಸಿ ಲೋಹದ ಒಳಗೆ ಚದುರಿ ಹೋಗದೆ ಟೂಲಿನ ತುದಿಯಲ್ಲೇ ನಿಲ್ಲುತ್ತೆ, ಟೂಲು ಬೇಗ ಸವೆಯುತ್ತೆ. ಹೀಗಾಗಿ ನಿಧಾನ ಓಡಿಸಬೇಕು, ಒತ್ತಡದಲ್ಲಿ ತಣ್ಣೀರು ಹೊಡೀತಿರಬೇಕು, ಸಣ್ಣ ಪುಡಿಗೆ ಬೆಂಕಿ ಹತ್ತದ ಹಾಗೆ ಕಾಯಬೇಕು. ಇನ್ನೊಂದು ನೋವಿನ ಸಂಗತಿ, ಕೊಂಡ ಗಟ್ಟಿಯಲ್ಲಿ ದೊಡ್ಡ ಪಾಲು ಕೊನೆಗೆ ಹೊಟ್ಟಾಗಿ ಕಸದ ಡಬ್ಬಿಗೆ ಹೋಗುತ್ತೆ. ಅಷ್ಟು ತ್ರಾಸಿನಿಂದ ತೆಗೆದ ಲೋಹ! ಫೋರ್ಜಿಂಗ್ ಮಾಡಿ ಮೊದಲೇ ಆಕಾರಕ್ಕೆ ಹತ್ತಿರ ತಂದರೆ ಆ ಹೊಟ್ಟು ಕಡಿಮೆಯಾಗುತ್ತೆ.

ಇನ್ನು ಕಾಕಾನ ತುಕ್ಕಿನ ಪ್ರಶ್ನೆ.

ಲೋಹವನ್ನ ಮೈಯೊಳಗೆ ಇಡುವ ಪ್ರಯತ್ನ ಹೊಸದೇನಲ್ಲ. ಕೆನಡಾ ಮೂಲದ ಡಾಕ್ಟರ್ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ, 1897ರಲ್ಲಿ ವೈದ್ಯಕೀಯ ಶಾಲೆ. ಮಿರಜಿಗೆ ಹೋಗುವ ನಮ್ಮವರ ರೂಢಿ ಅಲ್ಲಿಂದ ಬಂದದ್ದು. (ಕಾಕಾ ಇದ್ದದ್ದು ಬೇರೆ ಆಸ್ಪತ್ರೆಯಲ್ಲಿ.) ಅದೇ ಕಾಲಕ್ಕೆ ಲಂಡನ್ನಿನಲ್ಲಿ ಆರ್ಬತ್‌ನಾಟ್ ಲೇನ್ ಎಂಬ ಸರ್ಜನ್ ಮುರಿದ ಎಲುಬಿಗೆ ಉಕ್ಕಿನ ಸ್ಕ್ರೂ, ಆಮೇಲೆ ಪ್ಲೇಟು ಹಾಕೋಕೆ ಹೊರಟಿದ್ದ. ಕೈ ಚಳಕ ಇತ್ತು, ಲೋಹ ಕೈಕೊಡ್ತಿತ್ತು. ನಮ್ಮ ರಕ್ತ ಅಂದರೆ ಉಪ್ಪುನೀರು, ಮೇಲಾಗಿ ಬೆಚ್ಚಗಿನದ್ದು. ಸಾದಾ ಉಕ್ಕು ಅದರಲ್ಲಿ ತುಕ್ಕು ಹಿಡಿದು ಸುತ್ತಲಿನ ಮಾಂಸ ಕೆರಳುತ್ತಿತ್ತು. 1912ರಲ್ಲಿ ವೆನೇಡಿಯಂ ಉಕ್ಕಿನ ಪ್ಲೇಟು ಬಂತು, ಗಟ್ಟಿ ಇತ್ತು, ತುಕ್ಕು ತಪ್ಪಲಿಲ್ಲ. ಆಮೇಲೆ ಕ್ರೋಮಿಯಂ, ನಿಕಲ್ ಹಾಕಿದ ಸ್ಟೇನ್‌ಲೆಸ್ ಸ್ಟೀಲು, 1930ರ ದಶಕದಲ್ಲಿ ಕೋಬಾಲ್ಟ್-ಕ್ರೋಮ್. 1940ರಲ್ಲಿ ಬೋತೆ ಮತ್ತು ಜೊತೆಗಾರರು ಪ್ರಾಣಿಗಳ ಎಲುಬಿನಲ್ಲಿ ಟೈಟಾನಿಯಂ ಇಟ್ಟು ನೋಡಿದರು, ಎಲುಬು ಅದನ್ನ ಬೇಡ ಅನ್ನಲಿಲ್ಲ. 1951ರಲ್ಲಿ ಲೆವೆಂಥಲ್ ಎಂಬ ಡಾಕ್ಟರು ಇದು ಶಸ್ತ್ರಚಿಕಿತ್ಸೆಗೆ ಹೇಳಿಮಾಡಿಸಿದ ಲೋಹ ಅಂತ ಬರೆದರು.

ಮರುವರ್ಷ ಸ್ವೀಡನ್ನಿನಲ್ಲಿ ಇನ್ನೊಂದು ಘಟನೆ. ಬ್ರೋನೆಮಾರ್ಕ್ ಎಂಬ ಯುವ ಸಂಶೋಧಕ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ನೋಡೋಕೆ ಮೊಲದ ಕಾಲೆಲುಬಿಗೆ ಟೈಟಾನಿಯಮ್ಮಿನ ಸಣ್ಣ ಕಿಟಕಿಯಂಥದ್ದು ಕೂರಿಸಿದ್ದ. ಪ್ರಯೋಗ ಮುಗಿದು ತೆಗೆಯೋಕೆ ಹೋದರೆ ಬರಲಿಲ್ಲ. ಎಲುಬು ಲೋಹಕ್ಕೆ ಅಂಟಿಕೊಂಡು ಬೆಳೆದಿತ್ತು. ಬೇರೆಯವರಾದರೆ ಉಪಕರಣ ಹಾಳಾಯ್ತು ಅಂತ ಬೈದುಕೊಳ್ತಿದ್ದರೇನೋ, ಇವನು ಅದನ್ನೇ ಹಿಡಿದು ಹದಿಮೂರು ವರ್ಷ ಕೆಲಸ ಮಾಡಿದ. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಗೆ ಟೈಟಾನಿಯಮ್ಮಿನ ಬೇರು ಕೂರಿಸಿ ಹಲ್ಲು ಕಟ್ಟಿದ. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು, ನಾಲ್ಕು ದಶಕ. ಈಗ ಚಿಕ್ಕೋಡಿಯಲ್ಲೂ ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ಇಂಪ್ಲಾಂಟ್ ಅಂತ ಬರೆದಿರುತ್ತಲ್ಲ, ಅದರ ಮೂಲ ಆ ಮೊಲ.

ಯಾಕೆ ತುಕ್ಕು ಹಿಡಿಯೋದಿಲ್ಲ? ಉತ್ತರ ಸ್ವಲ್ಪ ತಮಾಷೆಯಾಗಿದೆ. ಅದಿರಿನಿಂದ ಟೈಟಾನಿಯಂ ಬಿಡಿಸೋಕೆ ಅಷ್ಟು ಕಾಡಿದ ಆಮ್ಲಜನಕವೇ ಇಲ್ಲಿ ಕಾಪಾಡೋದು. ಲೋಹಕ್ಕೆ ಗಾಳಿ ತಾಗಿದ ಕ್ಷಣ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡಿನ ಪೊರೆ ಕಟ್ಟುತ್ತೆ. ಪೊರೆ ಗಟ್ಟಿ, ಉಪ್ಪುನೀರು ದಾಟೋದಿಲ್ಲ. ಗೀರಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತೆ. ನಮ್ಮ ಮೈ ಮುಟ್ಟೋದು ಲೋಹವನ್ನಲ್ಲ, ಆ ಪೊರೆಯನ್ನ. ಸ್ಟೇನ್‌ಲೆಸ್ ಸ್ಟೀಲಿಗೂ ಕ್ರೋಮಿಯಮ್ಮಿನ ಇಂಥದ್ದೇ ಪೊರೆ ಇದೆ, ಆದರೆ ಉಪ್ಪುನೀರು ಅದನ್ನ ಅಲ್ಲಲ್ಲಿ ಚುಚ್ಚಬಲ್ಲದು. ಅದರ ನಿಕಲ್ ಕೆಲವರಿಗೆ ಅಲರ್ಜಿ ಕೂಡ.

ಎರಡನೆಯದು ಬಿಗುಪು. ಎಲುಬಿನ ಬಿಗುಪು 20 ಅಂತ ಇಟ್ಟುಕೊಂಡರೆ ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಸ್ಟೀಲಿನದ್ದು 200. ಇದರಿಂದ ಏನಾಗುತ್ತೆ ಅಂತ ಕಾಕಾನಿಗೆ ಹೇಳಿದ್ದು ಹೀಗೆ. ಒಂದು ನೊಗಕ್ಕೆ ಒಂದು ಭಾರಿ ಎತ್ತು, ಒಂದು ಸಣ್ಣ ಎತ್ತು ಹೂಡಿದರೆ ಭಾರವನ್ನೆಲ್ಲ ದೊಡ್ಡದೇ ಎಳೆಯುತ್ತೆ, ಸಣ್ಣದು ಮೈಗಳ್ಳ ಆಗುತ್ತೆ. ಎಲುಬೂ ಹಾಗೆಯೇ, ಭಾರ ಹೊರದಿದ್ದರೆ ಸೊರಗುತ್ತೆ. ಟೈಟಾನಿಯಂ ಎಲುಬಿಗಿಂತ ಬಿಗಿ ಹೌದು, ಆದರೆ ಸ್ಟೀಲಿನಷ್ಟು ಅಲ್ಲ, ಎಲುಬಿಗೂ ಸ್ವಲ್ಪ ಕೆಲಸ ಬಿಡುತ್ತೆ. "ಹಾಂ, ಜೋಡಿ ಸರಿ ಇರ್ಬೇಕು" ಅಂದ ಕಾಕಾ, ತಿಳೀತು ಅನ್ನೋ ಹಾಗೆ.

ದೋಷಗಳೂ ಇವೆ, ಮುಚ್ಚಿಡೋದು ಬೇಡ. ಉಜ್ಜಾಟಕ್ಕೆ ಟೈಟಾನಿಯಂ ಆಗಿಬರೋದಿಲ್ಲ, ಸವೆದು ಕರೀ ಪುಡಿ ಬಿಡುತ್ತೆ. ಅದಕ್ಕೇ ಸೊಂಟದ ಕೀಲು ಬದಲಿಸುವಾಗ ಎಲುಬಿನೊಳಗೆ ಹೋಗುವ ದಿಂಡು ಟೈಟಾನಿಯಂ, ಉರುಳುವ ಗುಂಡು ಕೋಬಾಲ್ಟ್-ಕ್ರೋಮ್ ಅಥವಾ ಪಿಂಗಾಣಿ. ಸ್ಕ್ರೂಗಳು ಪ್ಲೇಟಿಗೆ ಕಚ್ಚಿಕೊಂಡು ತೆಗೆಯುವಾಗ ಡಾಕ್ಟರ ಬೆವರಿಳಿಸೋದೂ ಉಂಟು. ಮತ್ತೆ ದುಡ್ಡು. 2017ರ ಆಗಸ್ಟಿನಲ್ಲಿ ಔಷಧ ಬೆಲೆ ಪ್ರಾಧಿಕಾರ ಮೊಣಕಾಲು ಕೀಲಿನ ಬೆಲೆಗೆ ಮಿತಿ ಹಾಕಿದಾಗ ಮಾಮೂಲಿ ಕೋಬಾಲ್ಟ್-ಕ್ರೋಮ್ ಕೀಲಿಗೆ 54,720 ರೂಪಾಯಿ, ಟೈಟಾನಿಯಂ ಮತ್ತು ಜಿರ್ಕೋನಿಯಂ ಬಗೆಯದ್ದಕ್ಕೆ 76,600 ರೂಪಾಯಿ ಅಂತ ಗೊತ್ತುಮಾಡಿತು. ಅದಕ್ಕೂ ಮೊದಲು ಕೇಳಿದಷ್ಟು ಕೊಡಬೇಕಿತ್ತು.

ಓದ್ತಾ ಓದ್ತಾ ಇನ್ನೊಬ್ಬ ನಮ್ಮ ಜಿಲ್ಲೆಯವರು ನೆನಪಾದರು. ಲಕ್ಷ್ಮಣರಾವ್ ಕಿರ್ಲೋಸ್ಕರ್, ಹುಟ್ಟಿದ್ದು 1869, ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಅಂತ ರೈತರು ಕೊಳ್ಳಲಿಲ್ಲ, ಮೊದಲ ನೇಗಿಲು ಮಾರೋಕೆ ಎರಡು ವರ್ಷ ಹಿಡೀತು ಅಂತಾರೆ. ನಕ್ಕುಬಿಡೋದು ಸುಲಭ. ಆದರೆ ಮಿರಜಿನ ಹಾಸಿಗೆ ಮೇಲೆ ಮಲಗಿ ತುಕ್ಕು ಹಿಡಿಯುತ್ತಾ ಅಂತ ಕೇಳಿದ ಕಾಕಾನ ಪ್ರಶ್ನೆಗೂ ಆ ರೈತರ ಅನುಮಾನಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಹೊಲ ಒಂದೇ, ಕಾಲೂ ಒಂದೇ. ಕೆಟ್ಟರೆ ಇನ್ನೊಂದು ಇಲ್ಲ. ಕೇಳೋದು ಅವರ ಹಕ್ಕು, ಉತ್ತರ ಕೊಡೋದು ಮಾರುವವರ ಕೆಲಸ.

ಹೊಸ ಅನುಮಾನ ಬಂದದ್ದು ಕಾಕಾ ಮನೆಗೆ ಬಂದ ಮೇಲೆ. ನೋಡೋಕೆ ಬಂದ ಯಾರೋ ಹಚ್ಚಿಕೊಟ್ಟರು. "ಟೈಟಾನಿಯಮ್ ಅಂತ ರೊಕ್ಕ ತಗೊಂಡು ಸ್ಟೀಲ್ ಹಾಕಿದ್ರ ಹೆಂಗ ಗೊತ್ತಾಗ್ತೈತಿ? ಚುಂಬಕ ಹಿಡದ್ ನೋಡ್ರಿ, ಹತ್ತಲಿಲ್ಲ ಅಂದ್ರ ಟೈಟಾನಿಯಮ್." ತಮ್ಮ ಹಳೇ ಸ್ಪೀಕರಿನ ಲೋಹಚುಂಬಕವನ್ನೂ ತಂದ. ಕಾಲಿಗೆ ಹಿಡಿದರು, ಎಳೆಯಲಿಲ್ಲ, ಎಲ್ಲರಿಗೂ ಸಮಾಧಾನ. ಹಾಳು ಇಂಜಿನಿಯರ್ ಬುದ್ಧಿ, ನಾನು ಬಾಯಿಬಿಟ್ಟೆ. ಮೈಯೊಳಗೆ ಹಾಕುವ ಸ್ಟೇನ್‌ಲೆಸ್ ಸ್ಟೀಲಿಗೂ ಲೋಹಚುಂಬಕ ಹತ್ತೋದಿಲ್ಲ, ಈ ಪರೀಕ್ಷೆಯಿಂದ ಏನೂ ಗೊತ್ತಾಗೋದಿಲ್ಲ ಅಂದೆ. ಕಾಕಾನ ಮುಖ ಬಾಡಿತು. ಕಾಗದಪತ್ರದಲ್ಲಿ ರಾಡಿನ ಪ್ಯಾಕೆಟ್ಟಿನ ಸ್ಟಿಕ್ಕರ್ ಅಂಟಿಸಿದ್ದರು, ಅದರ ಮೇಲೆ ಮಿಶ್ರಲೋಹದ ಹೆಸರು, ಲಾಟ್ ನಂಬರ್ ಎಲ್ಲ ಇತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಕಿಸಿದರೆ ಈ ಸ್ಟಿಕ್ಕರ್ ಕೇಳಿ ಪಡೆಯಿರಿ, ಜೋಪಾನವಾಗಿ ಇಡಿ. ಆದರೆ ಕಾಕಾನಿಗೆ ಸ್ಟಿಕ್ಕರ್ ಸಾಲಲಿಲ್ಲ. "ಕಾಗದಾ ಯಾರಬೇಕಾದ್ರೂ ಹಚ್ತಾರ."

ಆಗ ಕಾಕುಗೆ ನೆನಪಾಯ್ತು. ಆಪರೇಶನ್ನಿನಲ್ಲಿ ಒಂದು ಸ್ಕ್ರೂ ಉದ್ದ ಹೆಚ್ಚಾಯ್ತು ಅಂತ ತೆಗೆದು ಬೇರೆ ಹಾಕಿದ್ದರು, ಬಿಲ್ಲಿನಲ್ಲಿ ಇದೆಯಲ್ಲ ಅಂತ ಅವಳು ಕೇಳಿ ಇಸಗೊಂಡಿದ್ದಳು. ಔಷಧದ ಚೀಲದಲ್ಲಿ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಬೂದು ಬಣ್ಣ, ನಾಲ್ಕು ಸೆಂಟಿಮೀಟರ್ ಉದ್ದ, ಕೈಯಲ್ಲಿ ಹಿಡಿದರೆ ಭಾರವೇ ಅನಿಸೋದಿಲ್ಲ.

ಅದನ್ನ ಹಿಡಕೊಂಡು ರಾಯಬಾಗದ ಪೇಟೆಯಲ್ಲಿ ಪರಿಚಯದ ಪತ್ತಾರರ ಅಂಗಡಿಗೆ ಹೋದೆವು. ಕಾಕಾ ಊರುಗೋಲು ಹಿಡಿದೇ ಬಂದ, ಬರಬೇಡ ಅಂದರೂ ಕೇಳಲಿಲ್ಲ. ಪತ್ತಾರರ ತಕ್ಕಡಿ ಬಂಗಾರದ್ದು, ಮಿಲಿಗ್ರಾಂ ತೋರಿಸುತ್ತೆ. ಮೊದಲು ಹಾಗೇ ತೂಗಿದರು, 2.66 ಗ್ರಾಂ. ಆಮೇಲೆ ಒಂದು ಬಟ್ಟಲು ನೀರನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಸಿ, ಸ್ಕ್ರೂವನ್ನ ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಟ್ಟೆ. ತಕ್ಕಡಿ 0.60 ತೋರಿಸಿತು. ಅಂದರೆ ಅದು ಪಕ್ಕಕ್ಕೆ ಸರಿಸಿದ ನೀರು 0.60 ಗ್ರಾಂ, ಸ್ಕ್ರೂವಿನ ಗಾತ್ರ 0.60 ಘನ ಸೆಂಟಿಮೀಟರ್. ಭಾಗಿಸಿದರೆ 4.43. ಸ್ಟೀಲಾಗಿದ್ದರೆ 8ರ ಹತ್ತಿರ ಬರಬೇಕಿತ್ತು, ಸ್ಕ್ರೂ ಐದು ಗ್ರಾಮಿನ ಸಮೀಪ ತೂಗಬೇಕಿತ್ತು. ಆರು-ನಾಲ್ಕರ ಆ ಮಿಶ್ರಲೋಹದ ಸಾಂದ್ರತೆ ಪುಸ್ತಕದಲ್ಲಿ ಇರೋದೂ 4.43. ಮೊಬೈಲಿನ ಕ್ಯಾಲ್ಕುಲೇಟರನ್ನ ಕಾಕಾನ ಮುಂದೆ ಹಿಡಿದೆ. ಅವನು ಅದನ್ನ ನೋಡಲಿಲ್ಲ, ನನ್ನ ಮುಖ ನೋಡಿದ, ಗೊತ್ತಾಯ್ತು ಅವನಿಗೆ.

ಪತ್ತಾರರು ಮಾತ್ರ ಸ್ಕ್ರೂವನ್ನ ಇಕ್ಕಳದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡ್ತಾನೇ ಇದ್ದರು. "ಇದನ್ನ ಕರಗಿಸಬಹುದೇನ್ರಿ?" ಅಂದರು. 1,668 ಡಿಗ್ರಿ ಬೇಕು, ಅದೂ ಗಾಳಿ ತಾಗಬಾರದು ಅಂದೆ. ಬಂಗಾರ ಅದಕ್ಕಿಂತ 600 ಡಿಗ್ರಿ ಮೊದಲೇ ಕರಗುತ್ತೆ. "ಹಂಗಾರ ನಮ್ಮ ಕೆಲಸಕ್ಕ ಬರಂಗಿಲ್ಲ ಬಿಡ್ರಿ" ಅಂತ ನಕ್ಕು, ಬಂಗಾರ ಕಟ್ಟಿಕೊಡುವ ಗುಲಾಬಿ ಕಾಗದದಲ್ಲಿ ಅದನ್ನ ಮಡಚಿ ಕಟ್ಟಿ ಕಾಕಾನ ಕೈಗೆ ಕೊಟ್ಟರು. ತೂಗಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ.